ಮರಿ ಹಾಕುವ ಹಾವುಗಳೂ ಮುಂಗಾರಿನ ಬೇಸಾಯವೂ



ಸರೀಸೃಪಗಳೆಲ್ಲವೂ ಮೊಟ್ಟೆಯಿಡತಕ್ಕವೆಂಬುದು ಸಾಮಾನ್ಯವಾದ ನಂಬಿಕೆ. ಆಮೆ, ಮೊಸಳೆಗಳ ವಿಷಯದಲ್ಲಿ ಇದು ದಿಟವೇ ಸರಿ. ಹಾವು ಹಲ್ಲಿಗಳಲ್ಲಿಯಾದರೋ ಮರಿ ಹಾಕುವ ಜಾತಿಗಳೂ ಅನೇಕವುಂಟು. ನಾಗರಹಾವು, ಕಟ್ಟುಹಾವು, ಕೇರೆಹಾವು ಇವು ಮೊಟ್ಟೆಯಿಡುವುವು. ಕೊಳಕುಮಂಡಲ, ಮಣ್ಣುಮುಕ್ಕ, ಹಸಿರುಹಾವು ಇವು ಮರಿ ಹಾಕುವುವು.

ನೆಲದಲ್ಲಿಟ್ಟ ಮೊಟ್ಟೆಯ ಬೆಳವಣಿಗೆಯು ಆ ನೆಲದ ಕಾವನ್ನೂ ತೇವವನ್ನೂ ಅವಲಂಬಿಸಿರುವುದು. ಕೊಳಕುಮಂಡಲವು ಮೊಟ್ಟೆಗಳನ್ನು ಆರು ತಿಂಗಳಿಗೂ ಹೆಚ್ಚು ಕಾಲ ಹೊಟ್ಟೆಯಲ್ಲಿಯೇ ಉಳಿಸಿಕೊಳ್ಳುವುದು. ಅವಕ್ಕೆ ಗಟ್ಟಿ ಚಿಪ್ಪಿಲ್ಲ, ತೆಳುವಾದ ಪೊರೆ ಮಾತ್ರವುಂಟು. ತಾಯಿಯು ಬಿಸಿಲು ಕಾಯಿಸಿಕೊಂಡಾಗ ಮರಿಗಳಿಗೂ ಕಾವು ದೊರೆಯುವುದು. ಚಳಿಯ ದೇಶಗಳಲ್ಲಿ ಇದು ಬಹು ಅನುಕೂಲವಾದ ಏರ್ಪಾಟು. ಯೂರೋಪಿನ ಒಂದು ಜಾತಿಯ ಹಲ್ಲಿಯು ಆ ಖಂಡದ ಬಹುಭಾಗದಲ್ಲಿ ಮರಿ ಹಾಕುವುದು, ದಕ್ಷಿಣದ ಕೆಲವೆಡೆ ಮೊಟ್ಟೆಯಿಡುವುದು. ಆದರೆ ಈ ಅನುಕೂಲಕ್ಕೆ ನಷ್ಟವೂ ಉಂಟು. ಬಸುರಿನ ಭಾರದಿಂದ ತಾಯಿಯ ಚುರುಕು ಕುಂದುವುದು.

ಕೊಳಕುಮಂಡಲದ ಮರಿಗಳು ಹೆಚ್ಚಾಗಿ ಮೇ ತಿಂಗಳಿಂದ ಜುಲೈವರೆಗೆ, ಎಂದರೆ ಮುಂಗಾರಿನ ಬಿತ್ತನೆಯ ಕಾಲದಲ್ಲಿಯೇ, ಹುಟ್ಟುವುವು. ಒಂದು ಸಲಕ್ಕೆ 20 ರಿಂದ 40 ಮರಿಗಳು ಸಾಮಾನ್ಯ. ಮರಿಯು ಗೇಣುದ್ದವಿದ್ದರೂ ಹುಟ್ಟಿದಂದಿನಿಂದಲೇ ವಿಷವುಳ್ಳದ್ದು. ಆದುದರಿಂದ ಒಂದು ಮರಿ ಕಂಡಲ್ಲಿ ಸಮೀಪದಲ್ಲಿ ಇನ್ನೂ ಹಲವಿರಬಹುದೆಂದು ತಿಳಿಯತಕ್ಕದ್ದು.

ಮರಿ ಹಾಕುವುದೇ ವಿಷದ ಗುರುತೆಂದು ಭಾವಿಸುವುದು ತಪ್ಪು. ನಾಗರಹಾವು ಮೊಟ್ಟೆಯಿಟ್ಟರೂ ವಿಷದ್ದು. ಮಣ್ಣುಮುಕ್ಕವು ಮರಿ ಹಾಕಿದರೂ ವಿಷವಿಲ್ಲದ್ದು. ಮೈಯ ಮಚ್ಚೆಗಳಿಂದ ಇದನ್ನು ಮಂಡಲವೆಂದು ಭ್ರಮಿಸಿ ಕೊಲ್ಲುವವರುಂಟು. ಮಂಡಲದ ಮಚ್ಚೆಗಳು ಸರಪಣಿಯಂತೆ ಸಾಲಾಗಿರುವುವು. ಮಣ್ಣುಮುಕ್ಕದ ಮಚ್ಚೆಗಳು ಅಂಕುಡೊಂಕಾಗಿಯೂ ಬಾಲವು ಗಿಡ್ಡವಾಗಿಯೂ ಇರುವುವು. ಮಣ್ಣುಮುಕ್ಕ, ಕೇರೆಗಳು ಇಲಿಗಳನ್ನು ತಿಂದು ಪೈರನ್ನೂ ಕಣಜವನ್ನೂ ಕಾಯುವುವು. ಆದರೂ ಗುರುತು ಪರೀಕ್ಷಿಸಲು ಯಾವ ಹಾವನ್ನೂ ಸಮೀಪಿಸಲಾಗದು.

2000 ದಿಂದ 2019 ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿದು ಮೃತರಾದರೆಂದು ಅಂದಾಜು. ಅವರಲ್ಲಿ ಬಹುಮಂದಿ ಹಳ್ಳಿಗಾಡಿನವರು. ಬಿತ್ತನೆಯ ಕಾಲದಲ್ಲಿ ಬದುವಿನ ಹುಲ್ಲನ್ನೂ ಹಳೆಯ ಮೆದೆಯನ್ನೂ ಮೊದಲು ಕೋಲಿನಿಂದ ಅಲುಗಿಸಿ, ಆಮೇಲೆ ಕೈಯಿಡುವುದು ಒಳ್ಳೆಯದು. ಗದ್ದೆಗೆ ಹೋಗುವಾಗ ಮೆಟ್ಟು, ರಾತ್ರಿಯಲ್ಲಿ ದೀಪ, ಇವೆರಡೂ ಇರತಕ್ಕದ್ದು. ಕಡಿತವಾದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಡಿಸಿಕೊಂಡವರನ್ನು ನಡೆಸದೆ, ಪ್ರತಿವಿಷದ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಕೂಡಲೇ ಒಯ್ಯತಕ್ಕದ್ದು. ಮರಿ ಕಚ್ಚಿತೆಂದು ಅಲಕ್ಷ್ಯ ಮಾಡುವುದು ಪ್ರಾಣಕ್ಕೆ ಅಪಾಯ.