ಗಾಯಗೊಂಡವರ ನೆನಪು, ಕಾದಂಬರಿಯ ಸತ್ಯ

(ಶತಮಾನೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನೂರು ವರ್ಷಗಳ ನೆನಪುಗಳನ್ನು ಒಂದು ಸಂಪುಟದಲ್ಲಿ ಸಂಗ್ರಹಿಸಲು ಹೊರಟಿರುವ ಈ ಸಂದರ್ಭದಲ್ಲಿ, ಒಂದು ಐತಿಹಾಸಿಕ ಕಾದಂಬರಿಯನ್ನು ಕುರಿತು ಅದರ ಮೊದಲ ಓದುಗರು ಆಡಿದ ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’. ದೇ. ಜವರೇಗೌಡರ ಅನುವಾದದಿಂದ ಅದು ಕನ್ನಡಿಗರಿಗೂ ಪರಿಚಿತವಾಗಿದೆ.

ಕಾದಂಬರಿ ಅಚ್ಚಾದದ್ದು 1865ರಿಂದ 1869ರ ಅವಧಿಯಲ್ಲಿ. ಅದರ ಕೇಂದ್ರದಲ್ಲಿರುವುದು ನೆಪೋಲಿಯನ್ 1812ರಲ್ಲಿ ರಷ್ಯದ ಮೇಲೆ ನಡೆಸಿದ ದಂಡಯಾತ್ರೆ. ಟಾಲ್‌ಸ್ಟಾಯ್ ಜನಿಸಿದ್ದೇ 1828ರಲ್ಲಿ. ಆ ಯುದ್ಧವನ್ನು ಅವರು ಕಂಡವರಲ್ಲ. ಆದರೆ ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ ಅವರಿಗೆ ಗಾಯವೂ ಸಾವೂ ಅಪರಿಚಿತವಾಗಿರಲಿಲ್ಲ. ಬೊರೊಡಿನೊ ಕದನದಲ್ಲಿ ಗಾಯಗೊಂಡ ಅಂದ್ರೇ, ಚಿಕಿತ್ಸೆಯ ಡೇರೆಯಲ್ಲಿ ಕಾಲು ಕತ್ತರಿಸಲ್ಪಟ್ಟು ಬಿಕ್ಕುತ್ತಿರುವ ಒಬ್ಬನನ್ನು ಕಾಣುತ್ತಾನೆ. ಅವನು ಅನಾತೊಲ್, ತಾನು ದ್ವೇಷಿಸುತ್ತಿದ್ದ ವೈರಿ. ಆ ಕ್ಷಣದಲ್ಲಿ ದ್ವೇಷ ಕರಗಿ ಕಣ್ಣೀರಾಗುತ್ತದೆ. ಈ ಪುಟಗಳನ್ನು ಓದುವಾಗಲೆಲ್ಲ ನಮ್ಮ ಕಂಠ ಬಿಗಿಯುತ್ತದೆ.

ಆದರೆ ಅದೇ ಬೊರೊಡಿನೊದಲ್ಲಿ ನಿಜವಾಗಿಯೂ ಕಾಲು ಕಳೆದುಕೊಂಡ ಓದುಗರೊಬ್ಬರಿದ್ದರು. ಅವರು ಅವ್ರಾಮ್ ನೊರೊವ್. ಹದಿಹರೆಯದಲ್ಲಿ ಫಿರಂಗಿದಳದಲ್ಲಿದ್ದವರು, ಮುಂದೆ ರಷ್ಯದ ಶಿಕ್ಷಣಸಚಿವರಾದವರು. ಕಾದಂಬರಿಯನ್ನು ಓದಿ ಅವರು ನೊಂದರು. ತಮ್ಮ ಸೇನಾನಿಗಳ ಕೀರ್ತಿಯನ್ನು ಲೇಖಕರು ಕುಗ್ಗಿಸಿದರೆಂದು 1868ರಲ್ಲಿ ಆಕ್ಷೇಪಿಸಿ ಬರೆದರು. ಅದೇ ಕದನದಲ್ಲಿದ್ದ ಕವಿ ವ್ಯಾಜೆಮ್‌ಸ್ಕಿಯವರೂ ಅಸಮಾಧಾನ ಸೂಚಿಸಿದರು. ದ್ರಗೊಮಿರೊವ್ ಎಂಬ ಸೇನಾಧಿಕಾರಿಯಾದರೋ ಯುದ್ಧದ ಸನ್ನಿವೇಶಗಳನ್ನು ಮೆಚ್ಚಿದರು. ಲೇಖಕರ ಇತಿಹಾಸ ಸಿದ್ಧಾಂತವನ್ನು ಮಾತ್ರ ಒಪ್ಪಲಿಲ್ಲ.

ಮಹಾಯುದ್ಧದ ಹೊಸ್ತಿಲಲ್ಲಿ ದಂಡನಾಯಕ ಕುತುಜೊವ್ ಫ್ರೆಂಚ್ ಕಾದಂಬರಿಯೊಂದನ್ನು ಓದುತ್ತಿದ್ದನೆಂಬ ಚಿತ್ರಣವನ್ನು ನೊರೊವ್ ಒಪ್ಪಲಿಲ್ಲ. ಅಂಥ ಹೊತ್ತಿನಲ್ಲಿ ಕಾದಂಬರಿ ಯಾರಿಗೆ ಬೇಕಿತ್ತು ಎಂಬುದು ಅವರ ವಾದ. ಅವರು ತೀರಿಕೊಂಡ ಬಳಿಕ ಅವರದೇ ಗ್ರಂಥಭಂಡಾರದಲ್ಲಿ ಒಂದು ಕಾದಂಬರಿ ದೊರೆಯಿತು. ಗಾಯಗೊಂಡು ಫ್ರೆಂಚರ ಸೆರೆಯಲ್ಲಿದ್ದಾಗ, 1812ರ ಸೆಪ್ಟೆಂಬರಿನಲ್ಲಿ, ಮಾಸ್ಕೋದಲ್ಲಿ ಅದನ್ನು ಓದಿದುದಾಗಿ ನೊರೊವ್ ತಮ್ಮ ಕೈಯಾರೆ ಅದರಲ್ಲಿ ಬರೆದಿದ್ದರು!

ಇದನ್ನು ಕೇಳಿ ಆ ಹಿರಿಯರನ್ನು ನಗೆಗೀಡು ಮಾಡುವುದು ನಮಗೆ ಸಲ್ಲದು. ಅವರು ಸುಳ್ಳಾಡಲಿಲ್ಲ, ಮರೆತಿದ್ದರು. ಐವತ್ತಾರು ವರ್ಷಗಳಲ್ಲಿ ನೋವು ಉಳಿದಿತ್ತು, ಕೀರ್ತಿ ಉಳಿದಿತ್ತು. ಕಾಲು ಕಳೆದುಕೊಂಡ ಹುಡುಗ ಪುಸ್ತಕವೊಂದನ್ನು ಹಿಡಿದು ದಿನ ನೂಕಿದ್ದು ಮಾತ್ರ ಅಳಿದುಹೋಗಿತ್ತು. ಅನುಭವಿಸಿದವರ ಸಾಕ್ಷ್ಯವಿಲ್ಲದೆ ಇತಿಹಾಸವಿಲ್ಲ. ಆದರೂ ಅವರು ಮರೆತ ಬಾಳಿನ ಸಣ್ಣ ಸಂಗತಿಗಳನ್ನು ತಡವಾಗಿ ಹುಟ್ಟಿದವನೊಬ್ಬ ಮರಳಿ ಕಾಣಿಸಬಲ್ಲ.

ಕಾಸರಗೋಡಿನ ನಮಗೆ ಈ ಮಾತು ದೂರದ್ದಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದುದನ್ನು ಕಂಡ ಹಿರಿಯರಿಗೆ ಒಂದು ನೆನಪಿದೆ. ಆಮೇಲೆ ಹುಟ್ಟಿದವರಿಗೆ ಕೇಳಿದ ಕಥೆಯಿದೆ. ಎರಡೂ ಈ ಸಂಪುಟದಲ್ಲಿ ಸೇರಲಿವೆ. ಹಾಗಲ್ಲವೆಂದು ಕಂಡಲ್ಲಿ ಹಿರಿಯರು ನೊರೊವ್ ಅವರಂತೆ ನಿಸ್ಸಂಕೋಚವಾಗಿ ಆಕ್ಷೇಪಿಸಲಿ. ಜೊತೆಗೆ ಮನೆಯ ಹಳೆಯ ಪೆಟ್ಟಿಗೆಗಳನ್ನು ತೆರೆದು, ಅಂದಿನ ಪುಸ್ತಕಗಳ ಅಂಚಿನಲ್ಲಿ ತಾವೇ ಏನು ಬರೆದಿದ್ದೆವೆಂದು ಒಮ್ಮೆ ನೋಡಲಿ ಎಂದು ವಿನಂತಿಸುತ್ತೇವೆ.