ಹೊಟ್ಟೆಯ ಮೇಲಿನ ಚೀಲ ಮತ್ತು ನನ್ನ ನಿದ್ದೆ

ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದಾಗ, ಯೋಗದ ಬಗ್ಗೆ ಏನಾದರೂ ಹೇಳಿ ತಪ್ಪಿಸಿಕೊಳ್ಳೋಣ ಅಂದುಕೊಂಡಿದ್ದೆ. ಆದರೆ ನಿಮ್ಮಲ್ಲಿ ಹಲವರು ಎರಡು ವರ್ಷದಿಂದ ಕೇಳುತ್ತಿದ್ದೀರಿ, "ರಾಜ್ಯೋತ್ಸವಕ್ಕೂ ಸಡಿಲ ಕುರ್ತಾನೇ ಯಾಕೆ?" ಅಂತ. ಇವತ್ತು ಹೇಳಿಬಿಡುತ್ತೇನೆ.

ನನ್ನ ಹೊಟ್ಟೆಯ ಬಲಭಾಗದಲ್ಲಿ ಒಂದು ಚೀಲವಿದೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯಿಂದ ನನ್ನ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಹೊರಗೆ ತಂದು ಹೊಲಿದಿದ್ದಾರೆ. ಆ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಮಲ ಅಲ್ಲಿಂದ ಚೀಲಕ್ಕೆ ಬರುತ್ತದೆ. ನನ್ನದು ಇಲಿಯಾಸ್ಟಮಿ. ದೊಡ್ಡ ಕರುಳಿನದಾದರೆ ಕೊಲಾಸ್ಟಮಿ, ಮೂತ್ರದ್ದಾದರೆ ಯುರಾಸ್ಟಮಿ. ಕರುಳಿನ ಅಥವಾ ಮೂತ್ರಕೋಶದ ಕ್ಯಾನ್ಸರ್ ಆದ ಎಷ್ಟೋ ಜನರಿಗೂ ಇದು ಇರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಆಪರೇಷನ್ ನೋವು ಮರೆತುಹೋಯಿತು. ಮರೆಯದಿರುವುದು ಮನೆಗೆ ಬಂದ ಮೂರನೇ ರಾತ್ರಿ. ಎರಡೂವರೆಗೆ ಎಚ್ಚರವಾದಾಗ ಚೀಲ ತುಂಬಿ, ಅಂಟು ಬಿಟ್ಟು, ಹಾಸಿಗೆಯೆಲ್ಲ ಒದ್ದೆ. ಅತ್ತೆ ಏಳುವ ಮೊದಲು ಬಚ್ಚಲಲ್ಲಿ ಕೂತು ಬೆಡ್‌ಶೀಟ್ ಒಗೆದೆ. ಮಾರನೆಯ ದಿನದಿಂದ ಸೋಫಾದ ಮೇಲೆ ಒರಗಿಕೊಂಡೇ ರಾತ್ರಿ ಕಳೆಯತೊಡಗಿದೆ. ನಮ್ಮ ಮುಖರ್ಜಿ ನಗರದಲ್ಲಿ ರಾತ್ರಿ ಎಚ್ಚರವಿರುವವರಿಗೇನೂ ಕೊರತೆಯಿಲ್ಲ. ಐಎಎಸ್‌ಗೆ ಓದುವ ಮಕ್ಕಳ ಕೋಣೆಗಳಲ್ಲಿ ದೀಪ ಆರುವುದೇ ಇಲ್ಲ. ಅವರ ಜೊತೆ ನಾನೂ ಆರು ತಿಂಗಳು ಎದ್ದಿದ್ದೆ, ಯಾವ ಪರೀಕ್ಷೆಯೂ ಇಲ್ಲದೆ. ಆಫೀಸಿನಲ್ಲಿ ಕೋಡ್ ತಪ್ಪುತ್ತಿತ್ತು, ಮನೆಯಲ್ಲಿ ಎಲ್ಲರ ಮೇಲೂ ಸಿಟ್ಟು. ಗಂಡ ಪಕ್ಕದ ಕೋಣೆಯಲ್ಲಿದ್ದರು; ಏನೆಂದು ಕೇಳಲು ಅವರಿಗೂ ಭಯ.

ಕೊನೆಗೆ ಕೆಲಸದಲ್ಲಿ ಮಾಡುವುದನ್ನೇ ಮಾಡಿದೆ. ಸಿಸ್ಟಮ್ ರಾತ್ರಿ ಕೈಕೊಟ್ಟರೆ ಮೊದಲು ಲಾಗ್ ನೋಡುತ್ತೇವಲ್ಲ, ಹಾಗೆ. ಎರಡು ವಾರ ಏನು ತಿಂದೆ, ಎಷ್ಟು ಹೊತ್ತಿಗೆ, ಚೀಲ ಯಾವಾಗ ತುಂಬಿತು ಎಂದು ಬರೆದಿಟ್ಟೆ. ಉತ್ತರ ಕಣ್ಣೆದುರೇ ಇತ್ತು. ರಾತ್ರಿ ಹತ್ತಕ್ಕೆ ರಾಜ್ಮಾ ಚಾವಲ್ ತಿಂದರೆ ಎರಡಕ್ಕೆ ಚೀಲ ಬಲೂನು. ಸ್ಟೋಮಾ ನರ್ಸ್ ಆ ಹಾಳೆ ನೋಡಿ ನಕ್ಕರು, "ಇದನ್ನೇ ಮೊದಲು ತರಬೇಕಿತ್ತು" ಅಂದರು.

ಈಗ ನನ್ನ ಊಟ ಏಳಕ್ಕೆ: ಮೊಸರನ್ನ, ಒಂದು ಬಾಳೆಹಣ್ಣು. ಇವು ಮಲವನ್ನು ಗಟ್ಟಿ ಮಾಡುತ್ತವೆ. ಕಾಳು, ಕೋಸು, ಸೋಡಾ ಏನಿದ್ದರೂ ಹಗಲಿಗೆ. (ನಮ್ಮ ಹಸಿ ತೆಂಗಿನಕಾಯಿ ತುಂಡುಗಳ ಬಗ್ಗೆಯೂ ಎಚ್ಚರ, ಸರಿಯಾಗಿ ಅಗಿಯದಿದ್ದರೆ ಸಿಕ್ಕಿಹಾಕಿಕೊಳ್ಳುತ್ತವೆ.) ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು, ಮಲಗುವ ಮುಂಚೆ ತಪ್ಪದೆ. ಮೂರು ಗಂಟೆಗೆ ಒಂದು ಅಲಾರಾಂ ಇಟ್ಟುಕೊಂಡೆ. ಒಮ್ಮೆ ಏಳುವುದು ಗ್ಯಾರಂಟಿ ಎಂದಾದ ಮೇಲೆ ಉಳಿದ ಹೊತ್ತು ಹೆದರಿಕೆಯಿಲ್ಲದೆ ನಿದ್ದೆ ಬಂತು. ಅಂಟುಪಟ್ಟಿಯ ತೂತು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ನಾನು ಅಂದಾಜಿನಲ್ಲಿ ಕತ್ತರಿಸುತ್ತಿದ್ದೆ, ಸೋರಿಕೆಗೆ ಅದೂ ಕಾರಣ. ಜೂನ್ ತಿಂಗಳ ದೆಹಲಿ ಬೆವರಿಗೆ ಅಂಟು ಬೇಗ ಬಿಡುತ್ತದೆ, ಆಗ ಇನ್ನೂ ಬೇಗ ಬದಲಾಯಿಸುತ್ತೇನೆ. ಮೂತ್ರದ ಚೀಲದವರಿಗೆ ರಾತ್ರಿ ಜೋಡಿಸುವ ದೊಡ್ಡ ಚೀಲವೇ ಸಿಗುತ್ತದೆ, ಮಧ್ಯೆ ಏಳಬೇಕಾಗಿಲ್ಲ.

ಇನ್ನೊಂದು ಮಾತು. ನಿದ್ದೆಗೆ ನೀವೇ ಮಾತ್ರೆ ತಗೋಬೇಡಿ. ನಿಧಾನವಾಗಿ ಕರಗುವ ಮಾತ್ರೆಗಳು ನಮ್ಮಂಥ ಇಲಿಯಾಸ್ಟಮಿಯವರಲ್ಲಿ ಕರಗದೆ ಇಡಿಯಾಗಿ ಚೀಲಕ್ಕೇ ಬಂದುಬಿಡಬಹುದು. ಚೀಲ ತುಂಬೀತೆಂದು ನೀರು ಕುಡಿಯುವುದನ್ನೂ ಬಿಡಬೇಡಿ. ನಾನು ಬಿಟ್ಟಿದ್ದೆ, ತಲೆಸುತ್ತಿ ಬಿದ್ದೆ. ಉಪ್ಪಿನಂಶವೂ ಹೋಗುವುದರಿಂದ ಓಆರ್‌ಎಸ್ ಬೇಕಾಯಿತು.

ಈ ಚೀಲದ ಹಿಂದೆ ಅಕ್ಕತಂಗಿಯರ ಕಥೆಯಿದೆ. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್‌ಸೆನ್, ಆಪರೇಷನ್ ನಂತರ ಮನೆಯಿಂದ ಹೊರಗೆ ಬರಲು ಹೆದರುತ್ತಿದ್ದ ತನ್ನ ಸಹೋದರಿ ಥೋರಾಗಾಗಿ, ಚರ್ಮಕ್ಕೆ ಅಂಟುವ, ಬಳಸಿ ಎಸೆಯುವ ಚೀಲವನ್ನು ಯೋಚಿಸಿದಳು. ಅದನ್ನು ತಯಾರಿಸಿದ ಎಂಜಿನಿಯರನ್ನು ಒಪ್ಪಿಸಿದ್ದು ಅವನ ಹೆಂಡತಿ, ಆಕೆಯೂ ನರ್ಸ್.

ನನ್ನ ಮನೆಯಲ್ಲಿ ಒಪ್ಪಿಸಿದ್ದು ಅತ್ತೆ. ಒಗೆಯುವುದು ಅವರಿಗೆ ಮೊದಲ ದಿನವೇ ಗೊತ್ತಿತ್ತಂತೆ. ಒಂದು ದಿನ ನಮ್ಮ ಹಾಸಿಗೆಗೆ ನೀರು ಇಳಿಯದ ಹೊದಿಕೆ ಹಾಕಿಸಿ, ಮೇಲೆ ಹುಬ್ಬಳ್ಳಿಯಿಂದ ತಂದ ಹಳೇ ಕೌದಿ ಹಾಸಿದರು. "ಇದು ನಿನ್ನ ಗಂಡನ್ನ ಸಣ್ಣವನಿದ್ದಾಗ ಎಷ್ಟ ಸಲ ಸಹಿಸೇದ, ನಿನ್ನನ್ನೂ ಸಹಿಸ್ತದ. ಒಳಗ ಹೋಗಿ ಮಲಕೋ" ಅಂದರು. ಅಂದು ಆರು ತಾಸು ನಿದ್ದೆ ಮಾಡಿದೆ.

ನನ್ನ ಬ್ಯಾಗಿನಲ್ಲಿ ಬಳಸದ ಒಂದು ಚೀಲ ತಂದಿದ್ದೇನೆ. ಚಹಾ ಹೊತ್ತಿಗೆ ನೋಡಬೇಕೆನ್ನುವವರು ಬನ್ನಿ. ಮನೆಯಲ್ಲಿ ಯಾರಿಗಾದರೂ ಇದ್ದು, ಎಲ್ಲರೆದುರು ಕೇಳಲು ಸಂಕೋಚವಾದರೆ, ನಾನು ಹಿಂದಿನ ಬಾಗಿಲ ಹತ್ತಿರ ನಿಂತಿರುತ್ತೇನೆ.