ಹಿಡಿ ಅಕ್ಕಿಯ ಧರ್ಮ

(ಶತಮಾನೋತ್ಸವದ ಅಂಗವಾಗಿ ಕರೂರಿನಲ್ಲಿ ಸೇರಿದ್ದ ಸೇವಾಕಾರ್ಯಕರ್ತರ ಸಭೆಯಲ್ಲಿ ವಿಚಾರಣೆಯ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮೆಲ್ಲರ ಹೃದಯ ಕೃತಜ್ಞತೆಯಿಂದ ಉಕ್ಕುತ್ತಿರುವುದು ಸಹಜವೇ ಆಗಿದೆ. ಗೋಡೆಗಳಿಗೆ ಸುಣ್ಣಬಣ್ಣವಾಗಿದೆ, ಉತ್ಸವ ಸಮಿತಿಯವರು ಹಗಲಿರುಳೆನ್ನದೆ ದುಡಿಯುತ್ತಿದ್ದಾರೆ, ಸ್ಮರಣ ಸಂಚಿಕೆಗಾಗಿ ಹಿರಿಯರ ಪೆಟ್ಟಿಗೆಗಳಿಂದ ಹಳೆಯ ಛಾಯಾಚಿತ್ರಗಳು ಹೊರಬಂದಿವೆ. ಇವೆಲ್ಲವೂ ಆಗಬೇಕಾದುವೇ. ಆದರೆ ಈ ಸಂಭ್ರಮದ ನಡುವೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ದೇವಾಲಯದ ಗಂಟೆಯ ಧ್ವನಿ ಕೇಳಿಸುವಷ್ಟು ಸಮೀಪದ ಮನೆಯೊಂದರಲ್ಲಿ ಇಂದು ಒಲೆ ಹೊತ್ತದೆ ಹೋದರೆ, ಆ ಸಂಗತಿ ಎಷ್ಟು ದಿನಗಳ ನಂತರ ನಮಗೆ ತಿಳಿಯುತ್ತದೆ? ನೂರು ವರ್ಷಗಳ ಕ್ರೈಸ್ತ ಜೀವನವನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಅಳತೆಗೋಲನ್ನು ನಾನರಿಯೆ.

ನಮ್ಮ ಸಿರುಗುಪ್ಪ ತಾಲ್ಲೂಕು ಭತ್ತದ ಕಣಜವೆಂದು ಹೆಸರಾದುದು. ತುಂಗಭದ್ರೆಯ ಕಾಲುವೆ ನೀರು ಹರಿದ ಕಡೆಯಲ್ಲೆಲ್ಲ ಸೋನಾ ಮಸೂರಿಯ ಹಸಿರು ಕಾಣುತ್ತದೆ. ದಾರಿಹೋಕನ ಕಣ್ಣಿಗೆ ಇಲ್ಲಿ ಬಡತನವೇ ಇಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಗದ್ದೆಯಿರುವವನ ಊರೇ ಗದ್ದೆಯಿಲ್ಲದವನ ಊರೂ ಆಗಿದೆ. ಎರಡನೆಯ ಬೆಳೆಗೆ ನೀರು ಬಾರದ ವರ್ಷ ಒಡೆಯನಿಗೆ ಆದಾಯ ಕುಂದುತ್ತದೆ. ಕೂಲಿಯವನಿಗಾದರೋ ಕೆಲಸವೇ ಇಲ್ಲವಾಗುತ್ತದೆ. ಕೊಯ್ಲಿಗೆ ಯಂತ್ರ ಬಂದ ಮೇಲೆ ಕುಡುಗೋಲು ಹಿಡಿದ ಕೈಗಳಿಗೆ ದುಡಿಮೆಯ ದಿನಗಳು ಇನ್ನೂ ಕಡಿಮೆಯಾಗಿವೆ. ಆಗ ಗಂಡ ಹೆಂಡಿರು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗುತ್ತಾರೆ. ಹಿಂದೆ ಉಳಿಯುವವರು ವೃದ್ಧರು ಮತ್ತು ಶಾಲೆಗೆ ಹೋಗುವ ಮಕ್ಕಳು.

2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಪಡಿತರದ ಅಕ್ಕಿಯಿಂದ ಎಷ್ಟೋ ಮನೆಗಳ ಹಸಿವು ಹಿಂಗಿದೆಯೆಂಬುದನ್ನು ನಾವು ಸಂತೋಷದಿಂದ ಒಪ್ಪಿಕೊಳ್ಳಬೇಕು. ಆದರೆ ಕೊರತೆ ತನ್ನ ಮುಖವನ್ನು ಬದಲಿಸಿಕೊಂಡಿದೆ. ಇಂದು ಅದು ಔಷಧದ ಚೀಟಿಯಾಗಿ ಬರುತ್ತದೆ, ಮಗಳ ಕಾಲೇಜಿನ ಶುಲ್ಕವಾಗಿ ಬರುತ್ತದೆ, ಕೈಗಡ ತಂದ ಹಣದ ಬಡ್ಡಿಯಾಗಿ ಬರುತ್ತದೆ. ಅದು ದೇವಾಲಯದ ಬಾಗಿಲಲ್ಲಿ ಕೈಚಾಚಿ ಕೂಡುವುದಿಲ್ಲ. ಒಗೆದ ಸೀರೆಯುಟ್ಟು ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದಲ್ಲಿಯೇ ಮೊಣಕಾಲೂರಿರುತ್ತದೆ. ಆದ್ದರಿಂದಲೇ ಅದನ್ನು ಕಾಣುವುದು ಕಠಿಣ.

ನಮ್ಮ ಸೀಮೆಗೆ ಬರವೆಂಬುದು ಹೊಸದಲ್ಲ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876–78ರ ಮಹಾಕ್ಷಾಮದಲ್ಲಿ, ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತ್ಯಂತ ಘೋರವಾಗಿ ನರಳಿತು. 1877ರ ಆಗಸ್ಟ್ ತಿಂಗಳಲ್ಲಿ ಲಂಡನ್ ನಗರದ ಮೇಯರ್ ಅವರು ಸಾರ್ವಜನಿಕ ನಿಧಿಯೊಂದನ್ನು ತೆರೆದರು. ನಮ್ಮ ನಾಡನ್ನು ಎಂದೂ ಕಾಣದಿದ್ದ ಜನರೂ ಅದಕ್ಕೆ ಹಣ ಕೊಟ್ಟರು. ಆ ನಿಧಿಯ ಒಂದು ಅಂಶ ನಮಗೆ ಇಂದಿಗೂ ಪಾಠವಾಗಿದೆ. ಅದು ಅಂದಿನ ಊಟಕ್ಕಷ್ಟೇ ವ್ಯಯವಾಗಲಿಲ್ಲ. ಎಲ್ಲವನ್ನೂ ಕಳೆದುಕೊಂಡಿದ್ದ ರೈತನಿಗೆ ಬಿತ್ತನೆಯ ಬೀಜಕ್ಕೆ, ಎತ್ತಿಗೆ, ಮನೆಯ ಸೂರಿಗೆ ಸಹ ಒದಗಿತು. ಬಿದ್ದವನಿಗೆ ಅನ್ನವಿಡುವುದು ಮೊದಲ ಧರ್ಮ. ಅವನು ಮರಳಿ ಎದ್ದು ನಿಲ್ಲುವಂತೆ ಮಾಡುವುದು ಅದರ ಪೂರ್ಣತೆ.

ಬರವಿದ್ದಂತೆ ನೆರೆಯೂ ನಮಗೆ ಪಾಠ ಕಲಿಸಿದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಾಗೂ ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವೆಲ್ಲ ನೀರಿನಲ್ಲಿ ಮುಳುಗಿದಾಗ ಕಂಡ ಉದಾರತೆಯನ್ನು ಯಾರು ಮರೆತಾರು? ಜಾತಿ ಮತಗಳ ಭೇದವಿಲ್ಲದೆ ಜನರು ಜೋಳದ ರೊಟ್ಟಿಯ ಗಂಟುಗಳನ್ನು ಕಳುಹಿಸಿದರು. ಆದರೆ ಇನ್ನೊಂದು ನೋಟವೂ ನನ್ನ ಕಣ್ಣಿನಿಂದ ಮಾಸಿಲ್ಲ. ಲಾರಿಗಳು ತಲುಪಲು ಅನುಕೂಲವಾದ ಊರಿಗೆ ಹತ್ತು ಬಾರಿ ನೆರವು ಬಂದರೆ, ಒಳದಾರಿಯ ಊರಿಗೆ ಒಂದು ಬಾರಿಯೂ ಬರಲಿಲ್ಲ. ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿಯಾಗಿ ನೆನೆದುಹೋದವು. ಕೊಡುವವರಿಗೆ ಹೃದಯವಿತ್ತು, ವ್ಯವಸ್ಥೆಯಿರಲಿಲ್ಲ.

ನಾಲ್ಕು ಶತಮಾನಗಳ ಹಿಂದೆ ಸಂತ ವಿನ್ಸೆಂಟ್ ದೆ ಪೌಲರು ಕಂಡದ್ದೂ ಇದನ್ನೇ. 1617ರ ಆಗಸ್ಟ್ ತಿಂಗಳಲ್ಲಿ ಅವರು ಫ್ರಾನ್ಸಿನ ಷಾಟಿಯೋನ್ ಎಂಬ ಚಿಕ್ಕ ಊರಿನ ವಿಚಾರಣಾ ಗುರುಗಳಾಗಿದ್ದರು. ಒಂದು ಭಾನುವಾರ ಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಶಕ್ತಿಯೂ ಅವರಿಗಿಲ್ಲ ಎಂಬ ವಾರ್ತೆ ಬಂತು. ಪ್ರಬೋಧನೆಯಲ್ಲಿ ಅವರು ಆ ಸಂಗತಿಯನ್ನು ತಿಳಿಸಿದರು. ಮಧ್ಯಾಹ್ನ ತಾವೂ ಅಲ್ಲಿಗೆ ಹೊರಟಾಗ, ಆಹಾರ ಹೊತ್ತ ಜನರು ದಾರಿಯುದ್ದಕ್ಕೂ ಹೋಗುತ್ತ ಬರುತ್ತ ಇದ್ದುದನ್ನು ಕಂಡರು. ಬೇರೊಬ್ಬರಾಗಿದ್ದರೆ ಹಿಗ್ಗಿ ಮನೆಗೆ ಮರಳುತ್ತಿದ್ದರೇನೋ. ವಿನ್ಸೆಂಟರು ಮಾತ್ರ ಚಿಂತೆಗೊಳಗಾದರು: ಇಂದು ಬಂದ ಆಹಾರದಲ್ಲಿ ಹೆಚ್ಚಿನದು ಕೆಟ್ಟುಹೋಗುತ್ತದೆ, ನಾಳೆ ಆ ಮನೆಯವರು ಮತ್ತೆ ಹಸಿದಿರುತ್ತಾರೆ! ಕೆಲವೇ ದಿನಗಳಲ್ಲಿ ಅವರು ಊರಿನ ಸ್ತ್ರೀಯರನ್ನು ಕೂಡಿಸಿ, ದಿನಕ್ಕೊಬ್ಬರಂತೆ ಸರದಿಯಲ್ಲಿ ಸೇವೆ ಮಾಡುವ ಸಂಘವನ್ನು ಕಟ್ಟಿದರು. ಅದಕ್ಕೆ ಬರೆದ ನಿಯಮಾವಳಿಯಲ್ಲಿ ಹಣದ ಲೆಕ್ಕವಿಡುವ ಬಗೆಯೂ ಇದೆ. ರೋಗಿಯ ಮುಂದೆ ಶುಭ್ರವಾದ ಬಟ್ಟೆ ಹಾಸಿ, ಕೈತೊಳೆಯಲು ನೀರು ಕೊಟ್ಟು, ಹಸನ್ಮುಖರಾಗಿ ಊಟ ಬಡಿಸಬೇಕೆಂಬ ವಿವರವೂ ಇದೆ. ಲೆಕ್ಕದ ಪುಸ್ತಕ ಮತ್ತು ಪ್ರೀತಿಯ ಕೈ ಇವೆರಡನ್ನೂ ಆ ಸಂತರು ಬೇರೆಬೇರೆಯೆಂದು ಎಣಿಸಲಿಲ್ಲ.

ಆದಿ ಧರ್ಮಸಭೆಯ ಪದ್ಧತಿಯೂ ಹೀಗೆಯೇ ಇತ್ತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯಾಡುವ ವಿಧವೆಯರು ಕಡೆಗಣಿಸಲ್ಪಟ್ಟರೆಂಬ ದೂರು ಜೆರುಸಲೇಮಿನಲ್ಲಿ ಹುಟ್ಟಿದಾಗ, ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಸ್ತೇಫನನೂ ಸೇರಿದಂತೆ ಏಳು ಮಂದಿಯನ್ನು ಆ ಕಾರ್ಯಕ್ಕಾಗಿಯೇ ನೇಮಿಸಿದರು. ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ನಿಧಿ ಕೂಡಿಸಿದಾಗ, ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಶಕ್ತಿಗನುಸಾರವಾಗಿ ಸ್ವಲ್ಪವನ್ನು ತೆಗೆದಿಡಬೇಕೆಂದು ಕೊರಿಂಥದವರಿಗೆ ತಿಳಿಸಿದರು. ಆ ಹಣವನ್ನು ಅವರು ಒಬ್ಬರೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸದಂತೆ, ಸಭೆಗಳೇ ಆರಿಸಿದ ಸಹೋದರರನ್ನು ಜೊತೆ ಮಾಡಿಕೊಂಡರು. ಪ್ರೇಷಿತನಾದವನೇ ಲೆಕ್ಕ ಒಪ್ಪಿಸಲು ಹಿಂಜರಿಯದಿದ್ದಾಗ, ನಿಮ್ಮ ಗುರುವಾದ ನಾನಾಗಲಿ, ನಮ್ಮ ಸಮಿತಿಯವರಾಗಲಿ ಹಿಂಜರಿಯುವುದು ಸಲ್ಲದು.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ಬೇರೊಂದು ವಿಚಾರಣೆಯಲ್ಲಿ, ಕ್ರಿಸ್ತಜಯಂತಿಯ ಮುನ್ನ ಬಡ ಕುಟುಂಬಗಳಿಗಾಗಿ ಅಕ್ಕಿ, ಬಟ್ಟೆ ಸಂಗ್ರಹಿಸಿದೆವು. ಎಲ್ಲವೂ ಬಹಿರಂಗವಾಗಿರಲೆಂಬ ಸದುದ್ದೇಶದಿಂದ ನಾನು ಪೂಜೆಯ ಕೊನೆಯಲ್ಲಿ ಹೆಸರುಗಳನ್ನು ಒಂದೊಂದಾಗಿ ಓದಿ, ಮುಂದೆ ಬಂದು ಸ್ವೀಕರಿಸುವಂತೆ ಕರೆದೆ. ಒಬ್ಬ ವಿಧವೆ ತಾಯಿ ಎದ್ದು ಬರಲಿಲ್ಲ. ಸಂಜೆ ಅವರ ಮನೆಗೆ ಚೀಲ ಹೊತ್ತುಕೊಂಡು ಹೋದೆ. ಆ ತಾಯಿ ಬಾಗಿಲಲ್ಲಿಯೇ ನಿಂತು, “ಸ್ವಾಮಿ, ನನ್ನ ಮಗ ಇನ್ನು ಆ ಹುಡುಗರ ಜೊತೆ ಹೇಗೆ ಆಡ್ಯಾನು?” ಎಂದರು. ಅಷ್ಟೇ. ಕೋಪದ ಮಾತಲ್ಲ, ಆಕ್ಷೇಪವೂ ಅಲ್ಲ. ಮತ್ತೆ ಎಷ್ಟೋ ಭಾನುವಾರಗಳು ಅವರ ಸ್ಥಾನ ಬರಿದಾಗಿಯೇ ಇತ್ತು. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂಬ ಸ್ವಾಮಿಯ ಬೋಧನೆಯನ್ನು ಅದೆಷ್ಟೋ ಬಾರಿ ವಿವರಿಸಿದ್ದ ನಾನು, ಅದರ ಅರ್ಥವನ್ನು ಅಂದು ಆ ಬಾಗಿಲಲ್ಲಿ ಕಲಿತೆ. ಬಹಿರಂಗವಾಗಬೇಕಾದದ್ದು ಲೆಕ್ಕ, ಪಡೆದವರ ಹೆಸರಲ್ಲ.

ವಿನ್ಸೆಂಟರ ಹೆಸರನ್ನು ಹೊತ್ತ ಸಭೆಯನ್ನು ಕಟ್ಟಿದ ಫ್ರೆಡರಿಕ್ ಓಝನಾಮ್ ಈ ಮರ್ಮವನ್ನು ಇಪ್ಪತ್ತರ ಹರೆಯದಲ್ಲಿಯೇ ಅರಿತಿದ್ದರು. ಪ್ಯಾರಿಸಿನಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಅವರನ್ನು, ನಿಮ್ಮ ಧರ್ಮಸಭೆ ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂದು ಎದುರಾಳಿಗಳು ಚರ್ಚೆಯೊಂದರಲ್ಲಿ ಕೆಣಕಿದರು. ಅವರು ವಾದದಿಂದ ಉತ್ತರಿಸಲಿಲ್ಲ. ಗೆಳೆಯನೊಬ್ಬನೊಡಗೂಡಿ, ಚಳಿಗಾಲಕ್ಕೆಂದು ಇಟ್ಟುಕೊಂಡಿದ್ದ ಸೌದೆಯಲ್ಲಿ ಉಳಿದಿದ್ದುದನ್ನು ಬಡವನೊಬ್ಬನ ಮನೆಗೆ ಮುಟ್ಟಿಸಿದರು. 1833ರ ಏಪ್ರಿಲ್ 23ರಂದು ಆ ಚಿಕ್ಕ ಸಭೆ ಮೊದಲ ಬಾರಿಗೆ ಕೂಡಿತು. ಬಡವರ ಕೇರಿಯನ್ನು ಮನೆಮನೆಯೂ ಬಲ್ಲ ಧರ್ಮಭಗಿನಿ ರೊಸಾಲಿ ರೆಂದು ಅವರು ಆ ಯುವಕರಿಗೆ ದಾರಿ ತೋರಿದರು. ಬಡವರನ್ನು ಕರೆಸಿಕೊಳ್ಳಬಾರದು, ತಾವೇ ಅವರ ಮನೆಗೆ ಹೋಗಬೇಕು ಎಂಬುದು ಅವರ ನಿಯಮವಾಯಿತು. ಸಭೆ ಮುಗಿದಾಗ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂಬುದು ಪಕ್ಕದವನಿಗೂ ಕಾಣದು. ಓಝನಾಮರು 1853ರಲ್ಲಿ, ಕೇವಲ ನಲವತ್ತರ ವಯಸ್ಸಿನಲ್ಲಿ ದೈವಾಧೀನರಾದರು. 1997ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರು ಅವರನ್ನು ಪುನೀತರೆಂದು ಘೋಷಿಸಿದರು.

ಇಷ್ಟು ದೂರದ ನಾಡಿನ ಉದಾಹರಣೆಗಳೇಕೆ ಎಂದು ಕೇಳುವಿರಾದರೆ, ನಮ್ಮ ನೆರೆಯ ರಾಯಚೂರು ಸೀಮೆಯಲ್ಲಿಯೇ ಅಂಥ ಜ್ಯೋತಿಯೊಂದು ಬೆಳಗಿದೆ. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅವರ ಕಥೆ ಕನ್ನಡಿಗರೆಲ್ಲರಿಗೂ ತಿಳಿದದ್ದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳಂತೆ. ಬಡವಳಾದರೂ ಆಕೆ ಪಡೆಯುವವಳಾಗಿ ನಿಲ್ಲಲಿಲ್ಲ, ಕೊಡುವವಳಾಗಿ ನಿಂತಳು. ದೇವಾಲಯದ ಕಾಣಿಕೆ ಪೆಟ್ಟಿಗೆಯ ಬಳಿ ಯೇಸುಸ್ವಾಮಿ ಗುರುತಿಸಿದ ಎರಡು ಕಾಸಿನ ವಿಧವೆಯೂ ಇಂಥವಳೇ. ಬಡವರನ್ನು ಬರಿಯ ಫಲಾನುಭವಿಗಳೆಂದು ಎಣಿಸುವುದು ಅವರ ಅರ್ಧ ಮನುಷ್ಯತ್ವವನ್ನು ಕಸಿದುಕೊಂಡಂತೆ.

ಪ್ರಿಯರೇ, ಹಾಗಾದರೆ ನಾವೇನು ಮಾಡೋಣ? ಈ ಶತಮಾನೋತ್ಸವ ವರ್ಷಕ್ಕೆಂದು ನಾಲ್ಕು ವಿಷಯಗಳನ್ನು ನಿಮ್ಮ ವಿವೇಚನೆಗೆ ಒಪ್ಪಿಸುತ್ತೇನೆ.

ಮೊದಲನೆಯದು, ಹಿಡಿ ಅಕ್ಕಿ. ಪ್ರತಿ ಮನೆಯಲ್ಲಿಯೂ ಒಂದು ಗಡಿಗೆಯಿರಲಿ. ಅನ್ನಕ್ಕೆ ಅಕ್ಕಿ ಅಳೆಯುವಾಗ ತಾಯಂದಿರು ಒಂದು ಹಿಡಿಯನ್ನು ಅದಕ್ಕೆ ಹಾಕಲಿ. ಹಿಡಿಯೊಂದು ಐವತ್ತು ಗ್ರಾಂ ಎಂದಿಟ್ಟುಕೊಂಡರೂ ತಿಂಗಳಿಗೆ ಒಂದೂವರೆ ಕಿಲೋ ಆಗುತ್ತದೆ. ನೂರು ಮನೆಗಳಿದ್ದರೆ ಒಂದೂವರೆ ಕ್ವಿಂಟಲ್. ಅಕ್ಕಿ ಬೇಕಾದವರಿಗೆ ಅಕ್ಕಿಯೇ ಸಲ್ಲಲಿ. ಉಳಿದದ್ದನ್ನು ಮಾರಿ ಬಂದ ಹಣ ಔಷಧಕ್ಕೂ ಶಾಲೆಯ ಶುಲ್ಕಕ್ಕೂ ಒದಗಲಿ. ಹಬ್ಬಕ್ಕೊಮ್ಮೆ ಕೊಡುವ ಸಾವಿರ ರೂಪಾಯಿ ಮರೆತುಹೋಗಬಹುದು. ದಿನಕ್ಕೊಂದು ಹಿಡಿ ತೆಗೆದಿಡುವವಳು ಬಡವರನ್ನು ದಿನಕ್ಕೊಮ್ಮೆ ನೆನೆಯುತ್ತಾಳೆ. ಈ ಗಡಿಗೆ ಬಡವರ ಮನೆಯಲ್ಲಿಯೂ ಇರಲಿ. ಇಂದು ಪಡೆಯುವವರು ನಾಳೆ ಕೊಡಲಿ.

ಎರಡನೆಯದು, ಭೇಟಿ. ಇಬ್ಬಿಬ್ಬರಾಗಿ ಮನೆಗಳಿಗೆ ಹೋಗೋಣ. ಸ್ವಾಮಿಯು ತನ್ನ ಶಿಷ್ಯರನ್ನು ಇಬ್ಬಿಬ್ಬರನ್ನಾಗಿಯೇ ಕಳುಹಿಸಿದರು. ಚೀಲ ಇಳಿಸಿ ಬರುವುದಲ್ಲ, ಕುಳಿತು ಮಾತಾಡಿ ಬರುವುದು. ವೃದ್ಧಾಪ್ಯ ವೇತನದ ಅರ್ಜಿ ಬರೆದುಕೊಡುವುದು, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇವೂ ದಾನವೇ. ಹಣವಿಲ್ಲದವರೂ ಕೊಡಬಲ್ಲ ದಾನವಿದು. ಮನೆಯೊಳಗೆ ಕಂಡದ್ದು, ಕೇಳಿದ್ದು ಹೊಸ್ತಿಲು ದಾಟಿ ಬರಬಾರದು. ಕಟ್ಟೆಯ ಮೇಲಿನ ಮಾತಾಗಬಾರದು. ಆ ಮನೆ ಕ್ರೈಸ್ತರದೋ ಅಲ್ಲವೋ ಎಂದು ಕೇಳುವುದೂ ಬೇಡ. ಒಳ್ಳೆಯ ಸಮಾರಿಯದವನು ದಾರಿಯಲ್ಲಿ ಬಿದ್ದವನ ಕುಲವನ್ನು ವಿಚಾರಿಸಲಿಲ್ಲ.

ಮೂರನೆಯದು, ಕೈಗಡ ನಿಧಿ. ಬಡ್ಡಿಯ ಭಾರದಿಂದ ಬಡವರನ್ನು ಬಿಡಿಸಲು 1462ರಲ್ಲಿಯೇ ಇಟಲಿಯ ಪೆರೂಜ ನಗರದಲ್ಲಿ ಫ್ರಾನ್ಸಿಸ್ಕನ್ ಗುರುಗಳು ಸಾಲದ ನಿಧಿಯೊಂದನ್ನು ತೆರೆಯಿಸಿದ್ದರು. ನಾವೂ ಚಿಕ್ಕ ಪ್ರಮಾಣದಲ್ಲಿ ಬಡ್ಡಿಯಿಲ್ಲದೆ ಕೊಟ್ಟು, ಕಂತುಗಳಲ್ಲಿ ಮರಳಿ ಪಡೆಯೋಣ. ಮರಳಿಸಬಲ್ಲೆನೆಂಬ ಮಾತೇ ಬಿದ್ದವನ ಬೆನ್ನೆಲುಬು. ನಿಜವಾಗಿ ಮರಳಿಸಲಾಗದವರನ್ನು ಪೀಡಿಸದಿರೋಣ.

ನಾಲ್ಕನೆಯದು, ಲೆಕ್ಕ. ಪ್ರತಿ ತಿಂಗಳ ಮೊದಲ ಭಾನುವಾರ ಬಂದದ್ದೆಷ್ಟು, ಸಂದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ದೇವಾಲಯದ ಬಾಗಿಲಲ್ಲಿ ಬರೆದು ಹಾಕೋಣ. ಎಷ್ಟು ಕುಟುಂಬಗಳೆಂದು ಬರೆಯೋಣ; ಯಾವ ಕುಟುಂಬವೆಂದು ಬೇಡ. ಕೊಡುವಾಗ ಛಾಯಾಚಿತ್ರ ತೆಗೆಯುವುದು ಬೇಡ. ಈ ಸ್ಮರಣ ಸಂಚಿಕೆಯಲ್ಲಿ ದಾನಿಗಳ ಪಟ್ಟಿ ಅಚ್ಚಾಗುವುದೆಂದು ಬಲ್ಲೆ. ಅವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕಾದದ್ದೇ. ಆದರೆ ಹಿಡಿ ಅಕ್ಕಿಗೆ ಪಟ್ಟಿಯಿಲ್ಲದಿರಲಿ.

ಉತ್ಸವ ಸಮಿತಿಯವರಲ್ಲಿ ನನ್ನದೊಂದು ಬಿನ್ನಹವೂ ಇದೆ. ಶತಮಾನೋತ್ಸವಕ್ಕೆಂದು ಸಂಗ್ರಹವಾಗುವ ಹಣದಲ್ಲಿ ಹತ್ತರಲ್ಲೊಂದು ಭಾಗವನ್ನು ಈ ನಿಧಿಯ ಮೊದಲ ಹಿಡಿಯೆಂದು ತೆಗೆದಿರಿಸಿರಿ. ಅದರಿಂದಾಗಿ ದೀಪಾಲಂಕಾರದಲ್ಲಿ ಕೆಲವು ದೀಪಗಳು ಕಡಿಮೆಯಾದರೆ ಆಗಲಿ. ದೇವಾಲಯದ ಗೋಪುರ ಮಸುಕಾಗಿ ಕಂಡರೂ, ಕತ್ತಲಾಗಿದ್ದ ಮನೆಯೊಂದರ ಒಲೆ ಹೊತ್ತಿದರೆ ಊರಿನ ಬೆಳಕಿಗೆ ಕೊರತೆಯಿಲ್ಲ.

ಮುಂದಿನ ನೂರು ವರ್ಷಗಳ ಉತ್ಸವಕ್ಕೆ ನಮ್ಮಲ್ಲಿ ಯಾರೂ ಇರುವುದಿಲ್ಲ. ಅಂದಿನವರು ಈ ಸಂಚಿಕೆಯ ಹಳದಿಯಾದ ಪುಟಗಳನ್ನು ತಿರುವಿದಾಗ, ನಾವು ಯಾವ ಬಣ್ಣ ಬಳಿಸಿದೆವೆಂದು ತಿಳಿಯಲು ಆತುರಪಡಲಾರರು. ಅವರ ಅಡುಗೆಮನೆಯಲ್ಲಿ ಆ ಗಡಿಗೆ ಇನ್ನೂ ಇದ್ದರೆ ನಮ್ಮ ಉತ್ಸವ ಸಾರ್ಥಕ. ಒಂದು ಮನೆಯಲ್ಲಿ ಒಲೆ ಹೊತ್ತದಿದ್ದರೆ ಎಷ್ಟು ದಿನಕ್ಕೆ ತಿಳಿಯುತ್ತದೆ ಎಂದು ಆರಂಭದಲ್ಲಿ ಕೇಳಿದೆ. ಅದೇ ದಿನ ಸಂಜೆಯೊಳಗೆ ಎಂದು ನಾವು ಉತ್ತರಿಸುವಂತಾಗಲಿ.

ತಂದೆಯಾದ ದೇವರು ನಿಮ್ಮನ್ನೂ ನಿಮ್ಮ ಮನೆತನಗಳನ್ನೂ ಹರಸಲಿ.